ಉಪ್ಪಿನ ಗದ್ದೆಗೆ ಹೋಗುವ ಕೈಮರ

“ಇನ್ನೊಂದ್ಸಲ ತೆಗಿ,” ಎಂದಳು ಫಾಂಗ್ ಅಕ್ಕ.

ತೆಗೆದೆ. ಪರದೆಯ ಮೇಲೆ ಮತ್ತೆ ಅದೇ ಮಾತು: ಇಂಥದ್ದು ಇಲ್ಲ.

“ಕಣ್ಣೆದುರಿಗೇ ಇದೆಯಲ್ಲೋ ಪಾನ್. ‘ಉಪ್ಪಿನ ಗದ್ದೆಯ ಸೊಸೆ’ ಅಂತ ಹೆಸರೂ ಕಾಣ್ತಿದೆ. ಮತ್ಯಾಕೆ ಇಲ್ಲ ಅನ್ನುತ್ತೆ ಇದು?”

“ಇದು ಫೋಲ್ಡರ್ ಅಲ್ಲ ಅಕ್ಕ. ಫೋಲ್ಡರ್ ವೇಷ ಹಾಕ್ಕೊಂಡಿರೋ ಕೈಮರ.”

ನಮ್ಮ ಬೆನ್ನ ಹಿಂದೆ ಕೋ ಪೈ-ಶಾನ್ ಕತ್ತಿನ ಬೆವರೊರೆಸಿಕೊಳ್ಳುತ್ತ ನಿಂತಿದ್ದ. ಅಜ್ಜ ಕಟ್ಟಿದ ಕಡಲಗಾಳಿ ರೇಡಿಯೋಗೆ ಅವನೇ ಕೊನೆಯ ಮಾಲೀಕ. ಬರುವ ಭಾನುವಾರ ಸ್ಟೇಷನ್ ಮುಚ್ಚುತ್ತಿತ್ತು. ಮುಚ್ಚುವ ಮೊದಲು ಹಳೆಯ ನಾಟಕದ ಪ್ರಸಾರವಾಗದೆ ಉಳಿದ ಕೊನೆಯ ಕಂತನ್ನು ಕೇಳಿಸುತ್ತೇನೆಂದು ಅವನು ಇಡೀ ತೈನಾನಿಗೆ ಮಾತು ಕೊಟ್ಟಿದ್ದ. ಆ ನಾಟಕವೀಗ ಈ ಕಂಪ್ಯೂಟರಿನಲ್ಲೂ ಇರಲಿಲ್ಲ, ತೈಪೆಯ ಧ್ವನಿ ಭಂಡಾರದಲ್ಲಿದ್ದ ಅದರ ನಕಲಿನಲ್ಲೂ ಇರಲಿಲ್ಲ. ಮೂಲ ಟೇಪುಗಳು ಹಿಂದೊಂದು ಚಂಡಮಾರುತದ ನೀರಿನಲ್ಲಿ ಕೊಳೆತುಹೋಗಿದ್ದವು.

“ಕೈಮರ ಅಂದ್ರೆ?” ಎಂದ ಕೋ.

“ಕೂಡುರಸ್ತೇಲಿ ಇರುತ್ತಲ್ಲ, ಇಂಥ ಊರು ಆ ಕಡೆ ಅಂತ ತೋರಿಸೋ ಹಲಗೆ. ಅದು ಊರಲ್ಲ, ಊರಿನ ದಾರಿ. ಇದೂ ಹಂಗೇ. ಡಬ್ಬಲ್ ಕ್ಲಿಕ್ ಮಾಡಿದ್ರೆ ಬೇರೆ ಕಡೆ ಇರೋ ಫೋಲ್ಡರಿಗೆ ಕರ್ಕೊಂಡು ಹೋಗುತ್ತೆ. ಆ ಕಡೆ ಏನೂ ಇಲ್ದೆ ಹೋದ್ರೆ, ಇಲ್ಲ ಅನ್ನುತ್ತೆ.”

“ಎಲ್ಲಿಗೆ ಕೈ ತೋರಿಸ್ತಿದೆ?” ಫಾಂಗ್ ಅಕ್ಕ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದಳು. ಕೋ ಅವಳನ್ನು ಕರೆಸಿದ್ದು ಹುಡುಕಿಕೊಡಲೆಂದು; ಪೊಲೀಸ್ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಪ್ರಶ್ನೆ ಕೇಳುವಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

“ಹೊರಗಿನ ಒಂದು ಡಿಸ್ಕಿಗೆ. ಆ ಡಿಸ್ಕ್ ಈಗ ಇಲ್ಲಿಲ್ಲ.”

ಸ್ಟೇಷನ್ನಿನ ಕಂಪ್ಯೂಟರ್ ನೋಡಿಕೊಳ್ಳುವವನು ನಾನು; ಅದು ದಿನಾ ಮಧ್ಯಾಹ್ನ ತೈಪೆಗೆ ನಕಲು ಕಳಿಸುವ ಓಟವನ್ನು ಬೆಳಿಗ್ಗೆಯೇ ನಿಲ್ಲಿಸಿದ್ದೆ. ಇನ್ನೊಂದು ಮಧ್ಯಾಹ್ನ ಅದು ಓಡಿದರೆ ಉಳಿದ ಕುರುಹೂ ಅಳಿಸಿಹೋಗಬಹುದೆಂಬ ಭಯ. ಏನು ನಡೆದಿತ್ತೆಂಬುದು ಈಗ ನನಗೆ ಸ್ಪಷ್ಟವಾಗಿತ್ತು.

“ಯಾರೋ ನಿಜವಾದ ಫೋಲ್ಡರನ್ನ ಡಿಸ್ಕಿಗೆ ಸಾಗಿಸಿದಾರೆ. ಅದಿದ್ದ ಜಾಗದಲ್ಲಿ ಅದೇ ಹೆಸರಿನ ಕೈಮರ ನೆಟ್ಟಿದಾರೆ. ಡಿಸ್ಕ್ ಸಿಕ್ಕಿಸಿರೋವರೆಗೂ ಇಲ್ಲಿ ಕೂತವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ, ಕ್ಲಿಕ್ ಮಾಡಿದ್ರೆ ನಾಟಕ ಕೇಳ್ಸುತ್ತೆ.”

“ತೈಪೆಯದು?”

“ಇಲ್ಲಿ ಏನಿದೆಯೋ ಅಲ್ಲೂ ಅದೇ ಇರ್ಬೇಕು, ಇಲ್ಲಿಲ್ಲದ್ದು ಅಲ್ಲಿರಬಾರ್ದು ಅಂತ ತಾನೆ ನಾವು ಕಂಪ್ಯೂಟರಿಗೆ ಹೇಳಿಟ್ಟಿರೋದು. ಅವತ್ತು ಮಧ್ಯಾಹ್ನ ಅದು ನೋಡ್ತು. ಇಲ್ಲಿ ಕೈಮರ, ಅಲ್ಲಿ ತುಂಬಿದ ಫೋಲ್ಡರು. ಅಲ್ಲಿದ್ದದ್ದನ್ನ ಅಳಿಸ್ತು, ಇಲ್ಲಿನ ಕೈಮರದ ನಕಲನ್ನ ಅಲ್ಲಿ ನೆಟ್ಟು ಬಂತು.”

ಫಾಂಗ್ ಅಕ್ಕ ನನ್ನ ಕಡೆ ತಿರುಗಿದಳು. “ಅಂದ್ರೆ ಕದ್ದವರು ತೈಪೆ ಕಡೆ ತಲೆ ಹಾಕಿ ಕೂಡ ಮಲಗ್ಲಿಲ್ಲ. ಕಾಪಾಡೋಕೆ ಇಟ್ಟಿದ್ದ ಏರ್ಪಾಡೇ ಅಳಿಸಿಕೊಡ್ತು.”

“ಹೆಸರು ಹಾಗೇ ಇತ್ತಲ್ಲ, ಅದಕ್ಕೇ ಅಲ್ಲಿ ಯಾರಿಗೂ ಅನುಮಾನ ಬಂದಿಲ್ಲ.”

ಕೋ ಕುರ್ಚಿ ಎಳೆದುಕೊಂಡು ಕುಳಿತ. “ಮೇ-ಚು,” ಎಂದ. “ನೂರಕ್ಕೆ ನೂರು ಅವಳೇ. ಕಾವ್‌ಸಿಯುಂಗಿನ ಸ್ಟೇಷನ್ನಿನವರು ಅವಳನ್ನ ಕರೆದಿದಾರೆ. ಬರಿಗೈಲಿ ಹೋಗೋ ಪೈಕಿ ಅಲ್ಲ ಅವಳು.”

ಮೇ-ಚು ಕಡಲಗಾಳಿಯ ವಾರ್ತಾವಾಚಕಿ. ಸ್ಟೇಷನ್ನಿನ ಬೀಗದ ಕೈ ಇದ್ದದ್ದು ಮೂವರ ಬಳಿ: ಕೋ, ಮೇ-ಚು, ಮತ್ತು ನಿವೃತ್ತಿಯಾದ ಮೇಲೂ ದಿನಾ ಬಂದು ಯಂತ್ರಗಳ ಧೂಳು ಹೊಡೆದು ಹೋಗುತ್ತಿದ್ದ ಧ್ವನಿಮುದ್ರಕ ತೂ ಮೇಸ್ತ್ರಿ.

“ಈ ಕೈಮರ ನೆಟ್ಟದ್ದು ಯಾವತ್ತು ಅಂತ ಗೊತ್ತಾಗುತ್ತಾ?” ಎಂದಳು ಫಾಂಗ್ ಅಕ್ಕ.

ಗೊತ್ತಾಗುತ್ತಿತ್ತು. ನಾನು ತಾರೀಖು ಓದಿದಾಗ ಕೋ ಕುರ್ಚಿಯಿಂದ ಎದ್ದುಬಿಟ್ಟ. ಅವನ ತಂದೆಯ ಶವಸಂಸ್ಕಾರದ ದಿನ ಅದು.

“ಅವತ್ತು ಸ್ಟೇಷನ್ನಿಗೆ ಬೀಗ. ನಾನು ಸೂತಕದ ಸೆಣಬಿನ ಬಟ್ಟೆ ಹಾಕ್ಕೊಂಡು ಹೆಣದ ಪೆಟ್ಟಿಗೆ ಮುಂದೆ ಮಂಡಿಯೂರಿ ಕೂತಿದ್ದೆ. ಮೇ-ಚು...” ಅವನು ತಡವರಿಸಿದ. “ಮೇ-ಚು ಮೈಕ್ ಹಿಡ್ಕೊಂಡು ಬಂದವರ ಹೆಸರು ಕೂಗ್ತಿದ್ಲು. ಬೆಳಿಗ್ಗೆಯಿಂದ ಸಂಜೆ ತನಕ.”

“ಹಾಗಾದ್ರೆ ಪಾಪ, ಅವಳನ್ನ ಬಿಟ್ಟುಬಿಡೋಣ,” ಎಂದಳು ಫಾಂಗ್ ಅಕ್ಕ. “ಪಾನ್, ತೈಪೆಗೆ ಫೋನ್ ಹಚ್ಚು.”

ಭಂಡಾರದ ಕಂಪ್ಯೂಟರ್ ನೋಡಿಕೊಳ್ಳುವ ಮಿಸ್ ತೆಂಗ್ ಮೊದಲ ಗಂಟೆಗೇ ಎತ್ತಿಕೊಂಡಳು. ಒಂದು ವಾರದಿಂದ ಅವಳಿಗೂ ನಿದ್ದೆ ಇರಲಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು.

“ನಿಮ್ಮ ಕಡೆ ಕಾವಲಿರ್ಬೇಕಲ್ವಾ ಮಿಸ್ ತೆಂಗ್?” ಎಂದೆ. “ಫೋಲ್ಡರಿನ ಆಚೆಗೆ ಕೈ ತೋರಿಸೋ ಕೈಮರ ಬಂದ್ರೆ ಒಳಗೆ ಬಿಡಬಾರ್ದು, ಓಟ ಅಲ್ಲೇ ನಿಲ್ಬೇಕು.”

“ಇತ್ತು. ಅವತ್ತು ಅದು ತಡೀತು ಕೂಡ. ನಾನೇ ತೆಗೆದೆ. ನಿಮ್ಮ ಸ್ಟೇಷನ್ನಿಂದ ಫೋನ್ ಬಂತು. ಕಂಪ್ಯೂಟರಿನಲ್ಲಿ ಜಾಗ ತುಂಬಿದೆ, ಹಳೇ ಜಾಹೀರಾತುಗಳನ್ನ ಹೊರಗಿನ ಡಿಸ್ಕಿಗೆ ಹಾಕಿದೀವಿ, ಇದೊಂದ್ಸಲ ಬಿಡಮ್ಮ ಅಂದ್ರು. ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ನಂಗೆ ನಮ್ಮಜ್ಜನ ನೆನಪಾಯ್ತು.”

“ವಯಸ್ಸಾದವರಾ?”

“ಹೌದು. ಮ್ಯಾಂಡರಿನ್ ಮಾತಾಡೋಕೆ ಶುರು ಮಾಡಿ, ಮಧ್ಯದಲ್ಲಿ ನಮ್ಮ ಮನೆಮಾತಿಗೇ ಬಂದುಬಿಟ್ರು.”

ಫಾಂಗ್ ಅಕ್ಕ ಪರದೆಯ ಕಡೆ ಬಾಗಿ ಕೈಮರ ತೋರಿಸುತ್ತಿದ್ದ ಡಿಸ್ಕಿನ ಹೆಸರಿನ ಮೇಲೆ ಬೆರಳಿಟ್ಟಳು. ರೋಮನ್ ಅಕ್ಷರ.

“ಇದೇನಿದು, ಯಾವ ಭಾಷೆ?” ಎಂದ ಕೋ. “ಇಂಗ್ಲಿಷೂ ಅಲ್ಲ, ಮ್ಯಾಂಡರಿನ್ನೂ ಅಲ್ಲ.”

“ಇಯಾಂ-ತಿಯಾ,” ಎಂದು ಅಕ್ಕ ಜೋರಾಗಿ ಓದಿದಳು. “ಉಪ್ಪಿನ ಗದ್ದೆ. ನಮ್ಮ ಭಾಷೇನ ಚರ್ಚಿನವರು ಹಿಂಗೆ ಬರೀತಿದ್ರು. ನಮ್ಮಜ್ಜಿ ಹಾಡಿನ ಪುಸ್ತಕ ಇದೇ ಅಕ್ಷರದಲ್ಲಿತ್ತು. ಚೀನೀ ಲಿಪಿ ಒಂದಕ್ಷರ ಬರದಿದ್ರೂ ಇದರಲ್ಲಿ ಸಲೀಸಾಗಿ ಓದೋಳು. ನಿಮ್ಮ ಮೇ-ಚುಗೆ ಇದು ಬರುತ್ತಾ?”

“ಅವಳಿಗಾ? ತನ್ನ ಹೆಸರನ್ನೇ ಪಾಸ್‌ಪೋರ್ಟಿನಲ್ಲಿ ತಪ್ಪು ಬರೆಸ್ಕೊಂಡಿದಾಳೆ.” ಕೋ ನಗಲು ಹೋಗಿ ನಿಲ್ಲಿಸಿದ. ಆಮೇಲೆ ಮೆಲ್ಲಗೆ ಹೇಳಿದ, “ತೂ ಮೇಸ್ತ್ರಿ ಅಪ್ಪ ಚರ್ಚಿನಲ್ಲಿ ಗಂಟೆ ಹೊಡೀತಿದ್ರು.”

ನನಗೆ ಆ ಕ್ಷಣ ಗೆದ್ದೆನೆಂದು ಅನಿಸಲಿಲ್ಲ. ನಾನು ಬೆಳೆದದ್ದು ಅನ್‌ಪಿಂಗ್ ಕಡೆಯ ಒಂದು ಓಣಿಯಲ್ಲಿ. ಮಧ್ಯಾಹ್ನ ಶಾಲೆ ಬಿಟ್ಟು ನಡೆದು ಬರುವಾಗ ಒಂದೊಂದು ಮನೆಯ ಕಿಟಕಿಯಿಂದಲೂ ‘ಉಪ್ಪಿನ ಗದ್ದೆಯ ಸೊಸೆ’ ಕೇಳಿಬರುತ್ತಿತ್ತು. ಅದು ಮರುಪ್ರಸಾರದ ಕಾಲ, ಸರ್ಕಾರ ಮ್ಯಾಂಡರಿನ್ನಿಗೆ ಜಾಗ ಮಾಡಲು ರೇಡಿಯೋದಲ್ಲಿ ನಮ್ಮ ಭಾಷೆಯ ಹೊತ್ತನ್ನು ಕತ್ತರಿಸಿ ಕತ್ತರಿಸಿ ಅಂಗೈಯಗಲ ಮಾಡಿದ ಮೇಲಿನದು. ಆದರೂ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ಮಾತೂ ತಪ್ಪುತ್ತಿರಲಿಲ್ಲ. ಅಜ್ಜಿ ಹಾಲುಮೀನಿನ ಮುಳ್ಳು ತೆಗೆಯುತ್ತ ಕೂತವಳು ಸೊಸೆ ಅಳತೊಡಗಿದರೆ ಚಾಕು ಕೆಳಗಿಡುತ್ತಿದ್ದಳು.

ಸೊಸೆಯ ದನಿ ಸೂ ಚಿಯಾವ್-ಯುನ್‌ಳದು. ಪ್ರತಿ ಮಾತಿಗೂ ಮೊದಲು ಒಂದು ಸಣ್ಣ ಉಸಿರು ತೆಗೆದುಕೊಳ್ಳುವಳು, ಹೇಳಲೋ ಬೇಡವೋ ಎಂಬಂತೆ. ನಾಟಕದ ಕೊನೆಯ ಕಂತು ಸೆನ್ಸಾರಿನಲ್ಲಿ ಸಿಕ್ಕಿಕೊಂಡಿತು, ಅವಳು ಒಸಾಕಾಕ್ಕೆ ಹೊರಟುಹೋದಳು, ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡಳೆಂದು ಸುದ್ದಿ ಬಂತು. ನಮ್ಮ ಓಣಿಗೆ ತಿಳಿದದ್ದು ಅಷ್ಟೇ. ಅಂದು ಅಜ್ಜಿ ಧೂಪ ಹಚ್ಚಿದ್ದಳು, ಸ್ವಂತ ಸೊಸೆಗೆ ಹಚ್ಚಿದ ಹಾಗೆ.

ಅವಳ ದನಿಯನ್ನು ಟೇಪಿಗೆ ಇಳಿಸಿದ್ದು ಇದೇ ತೂ ಮೇಸ್ತ್ರಿ.

*

ಮೇಸ್ತ್ರಿಯ ಮನೆ ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಕೋ ಸ್ಟೇಷನ್ನಿನಲ್ಲೇ ಉಳಿದ; ನಾನೂ ಅಕ್ಕನೂ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಬಾಗಿಲು ತೆರೆಯಿತು. ನಾವು ಬರುತ್ತೇವೆಂದು ಅವರಿಗೆ ಗೊತ್ತಿದ್ದ ಹಾಗಿತ್ತು.

“ಬಾ ಮಗಾ, ಬನ್ನಿ ತಾಯಿ. ಬಿಸಿಲಲ್ಲಿ ಬಂದಿದೀರಿ. ಆ-ಕಿಮ್, ಏನಾದ್ರೂ ತಣ್ಣಗೆ ಕೊಡು ಇವರಿಗೆ.”

ಅವರ ಹೆಂಡತಿ ಆ-ಕಿಮ್ ಬೂದುಗುಂಬಳದ ಶರಬತ್ತಿನ ಲೋಟಗಳನ್ನು ತಂದಿಟ್ಟಳು. ತೆಳ್ಳಗಿನ ಹೆಂಗಸು, ತಲೆಗೂದಲು ಪೂರ್ತಿ ಬಿಳಿ. ನಮ್ಮನ್ನು ನೋಡಿ ತಲೆಯಾಡಿಸಿ, ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಟಾಣಿ ಸುಲಿಯತೊಡಗಿದಳು.

“ಇವಳದು ಮಾತು ಕಮ್ಮಿ,” ಎಂದರು ಮೇಸ್ತ್ರಿ.

ಕೋಣೆ ತುಂಬ ಹಳೆಯ ರೇಡಿಯೋಗಳಿದ್ದವು. ಒಂದೊಂದರ ಹೊಟ್ಟೆ ಬಗೆದು ವೈರುಗಳು ಹೊರಗೆ ಬಂದಿದ್ದವು. ಹಳೆಯ ಟೇಪು ಕೆಟ್ಟಾಗ ಬರುವ ಹುಳಿ ವಾಸನೆ ಇಲ್ಲೂ ಇತ್ತು.

ಫಾಂಗ್ ಅಕ್ಕ ಲೋಟ ಮುಟ್ಟಲಿಲ್ಲ. “ಡಿಸ್ಕಿಗೆ ಒಳ್ಳೇ ಹೆಸರಿಟ್ಟಿದ್ರಿ ಮೇಸ್ತ್ರಿ. ನಮ್ಮಜ್ಜಿ ಇದ್ದಿದ್ರೆ ತಡವರಿಸದೆ ಓದೋಳು.”

ಮೇಸ್ತ್ರಿ ನಿಧಾನವಾಗಿ ನಕ್ಕರು. ಸಿಕ್ಕಿಬಿದ್ದವರ ನಗುವಿನ ಹಾಗಿರಲಿಲ್ಲ ಅದು, ಹೊರೆ ಇಳಿಸಿದವರ ನಗು.

“ಕೈಬೆರಳಿಗೆ ಅದೇ ಅಕ್ಷರ ಬರುತ್ತೆ ತಾಯಿ. ಬೇರೆ ಬರೆಯೋಕೆ ಹೋದ್ರೆ ಯೋಚನೆ ಮಾಡ್ಬೇಕು.” ನನ್ನ ಕಡೆ ತಿರುಗಿದರು. “ಕೈಮರ ನೆಡೋದು ನೀನೇ ಕಲಿಸಿದ್ದಲ್ವಾ ಮಗಾ? ಸೋಪಿನ ಜಾಹೀರಾತುಗಳನ್ನ ಡಿಸ್ಕಿಗೆ ಸಾಗಿಸ್ದಾಗ?”

“ತೈಪೆಗೆ ಅದನ್ನ ಹಾಗೇ ಕಳಿಸ್ಬಾರ್ದು ಅಂತಾನೂ ಹೇಳಿದ್ದೆ ಮೇಸ್ತ್ರಿ. ಬರೀ ಹಲಗೆ ಹೋಗುತ್ತೆ, ಅಲ್ಲಿರೋದು ಅಳಿಸಿಹೋಗುತ್ತೆ ಅಂತ.”

“ಹೇಳಿದ್ದೆ. ಚೆನ್ನಾಗಿ ನೆನಪಿಟ್ಕೊಂಡಿದ್ದೆ.”

“ಡಿಸ್ಕ್ ಎಲ್ಲಿ?” ಎಂದಳು ಫಾಂಗ್ ಅಕ್ಕ.

“ಕೊಟ್ಟುಬಿಟ್ಟೆ.”

“ಯಾರಿಗೆ?”

“ಕೇಳ್ಕೊಂಡು ಬಂದವರಿಗೆ. ಒಬ್ಬಳು ಹುಡುಗಿ ಬಂದಿದ್ಲು, ಹಿರೀ ಕೋ ಇನ್ನೂ ಆಸ್ಪತ್ರೇಲಿದ್ದಾಗ. ಮೂವತ್ತರ ಆಸುಪಾಸು. ಹೆಸರು ಹೇಳ್ಲಿಲ್ಲ. ನಮ್ಮನೇಲಿ ಒಬ್ರು ವಯಸ್ಸಾದವರಿದಾರೆ, ಈ ನಾಟಕ ಕೇಳ್ಬೇಕಂತೆ ಅಂದ್ಲು. ನಾನು ಆಗಲ್ಲ ಅಂತ ಬಾಗಿಲು ಹಾಕೋಕೆ ಹೋದೆ. ಆಗ ಅವಳು ನಾಟಕದ ಮೊದಲನೇ ಮಾತು ಹೇಳಿದ್ಲು.” ಮೇಸ್ತ್ರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅದೇ ಉಸಿರು ತಾಯಿ. ಮಾತಿಗೆ ಮುಂಚೆ ಒಂದು ಉಸಿರು. ಹೆಡ್‌ಫೋನಿನಲ್ಲಿ ವರ್ಷಗಟ್ಟಲೆ ಕೇಳಿದೋನು ನಾನು. ಬೇರೆಯವರಿಗೆ ಬರಲ್ಲ ಅದು, ರಕ್ತದಲ್ಲೇ ಬರ್ಬೇಕು.”

“ಚಿಯಾವ್-ಯುನ್ ಸತ್ತುಹೋಗಿದಾರೆ ಅಂತ ತಾನೆ ಸುದ್ದಿ?”

“ಸುದ್ದಿ.”

“ಸರಿ, ಕೇಳಿದ್ರು, ಕೊಟ್ರಿ. ಒಂದು ನಕಲು ತೆಗೆದು ಕೊಡೋಕೆ ಎಷ್ಟು ಹೊತ್ತು ಹಿಡೀತಿತ್ತು?” ಅಕ್ಕನ ದನಿ ಏರಲಿಲ್ಲ. “ಅದನ್ನ ಬಿಟ್ಟು, ಮಾಲೀಕನ ಹೆಣ ಅಂಗಳದಲ್ಲಿರುವಾಗ ಬೀಗ ತೆಗೆದು ಒಳಗೆ ಹೋದ್ರಿ. ತೈಪೆಗೆ ಫೋನ್ ಮಾಡಿ ಒಂದು ಹುಡುಗಿಗೆ ಸುಳ್ಳು ಹೇಳಿ ಕಾವಲು ತೆಗೆಸಿದ್ರಿ. ಎರಡೂ ಊರಲ್ಲಿ ಒಂದು ಚೂರೂ ಉಳಿಯದ ಹಾಗೆ ನೋಡ್ಕೊಂಡ್ರಿ. ಕೊಡೋರು ಹೀಗೆ ಮಾಡಲ್ಲ ಮೇಸ್ತ್ರಿ. ಮುಚ್ಚಿಡೋರು ಮಾಡ್ತಾರೆ.”

ಬಟಾಣಿ ಸುಲಿಯುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

“ಕೊನೇ ಕಂತು ಭಾನುವಾರ ಪ್ರಸಾರ ಆಗೋದು ನಂಗೆ ಬೇಡವಾಗಿತ್ತು,” ಎಂದರು ಮೇಸ್ತ್ರಿ.

“ಯಾಕೆ?”

“ಅದೊಂದು ಕೇಳ್ಬೇಡಿ.”

“ಆ ಕಂತನ್ನ ಕೇಳಿದವರು ಯಾರಿದಾರೆ?”

“ನಾನು, ಹಿರೀ ಕೋ, ಸೆನ್ಸಾರಿನ ಇಬ್ರು. ನನ್ನ ಬಿಟ್ಟು ಮೂವರೂ ತೀರ್ಕೊಂಡ್ರು. ಮರಿ ಕೋ ಕೇಳೇ ಇಲ್ಲ. ಪ್ರಸಾರದ ದಿನ ಊರ ಜೊತೆ ಕೇಳ್ತೀನಿ ಅಂತ ಹಟ ಅವನದು.”

“ರೆಕಾರ್ಡ್ ಮಾಡಿದ ದಿನ ನೆನಪಿದೆಯಾ?”

“ನೆನಪಿಲ್ದೆ ಏನು? ಮಳೆ ಬರೋ ಹಾಗಿತ್ತು, ಹೊರಗೆ ಗುಲ್‌ಮೊಹರು ಉದುರಿ ಅಂಗಳ ಪೂರ್ತಿ ಕೆಂಪು. ಗಾಜಿನ ಆಚೆ ಚಿಯಾವ್-ಯುನ್ ನಿಂತಿದ್ಲು, ನೀಲಿ ಬಟ್ಟೆ. ಪೂರ್ತಿ ಕಂತು ಒಂದೇ ಓಟದಲ್ಲಿ ಓದಿದ್ಲು. ಎಲ್ಲೂ ತಡೀಲಿಲ್ಲ. ಮುಗಿಸಿ, ಚಪ್ಪಲಿ ಮೆಟ್ಕೊಂಡು ಹೊರಟುಹೋದ್ಲು. ಅದೇ ಕೊನೆ ನಾನು ಅವಳನ್ನ ನೋಡಿದ್ದು.”

ಹೇಳುವಾಗ ಅವರ ಕಣ್ಣು ತುಂಬಿತ್ತು. ಫಾಂಗ್ ಅಕ್ಕ ಮಾತ್ರ ಮೇಸ್ತ್ರಿಯ ಮುಖ ಬಿಟ್ಟು ಅವರ ಕೈಯನ್ನು ನೋಡುತ್ತಿದ್ದಳು. ಹೆಬ್ಬೆರಳು ಲೋಟದ ಅಂಚನ್ನು ಸುತ್ತಿ ಸುತ್ತಿ ಉಜ್ಜುತ್ತಿತ್ತು.

ನನ್ನ ಫೋನ್ ಹೊಡೆದುಕೊಂಡಿತು. ಮಿಸ್ ತೆಂಗ್.

“ಪಾನ್ ಅಣ್ಣ, ತೆರ್ಕೊಂಡಿದೆ,” ಎಂದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಏನು ತೆರ್ಕೊಂಡಿದೆ?”

“ಕೈಮರ. ನಮ್ಮಲ್ಲಿರೋದು. ಈಗ ಕ್ಲಿಕ್ ಮಾಡಿದ್ರೆ ಫೋಲ್ಡರ್ ಬರ್ತಿದೆ, ಎಲ್ಲಾ ಕಂತುಗಳೂ ಇವೆ. ಒಬ್ಬಳು ಹೆಂಗಸು ಬಂದು ಭಂಡಾರಕ್ಕೆ ಅಂತ ಒಂದು ಡಿಸ್ಕ್ ಕೊಟ್ಟು ಹೋದಳಂತೆ. ನಮ್ಮವರು ಏನಿದೆ ನೋಡೋಣ ಅಂತ ಇದೇ ಕಂಪ್ಯೂಟರಿಗೆ ಸಿಕ್ಕಿಸಿದಾರೆ. ಡಿಸ್ಕಿನ ಹೆಸರು...”

“ಇಯಾಂ-ತಿಯಾ.”

“ಹೌದು.”

ಕೈಮರಕ್ಕೆ ತಾನು ಯಾವ ಊರಿನಲ್ಲಿ ನಿಂತಿದ್ದೇನೆಂಬುದು ಗೊತ್ತಿರುವುದಿಲ್ಲ. ಎಲ್ಲಿ ನೆಟ್ಟರೂ ಅದೇ ಹೆಸರಿನ ಕಡೆ ಕೈ ತೋರಿಸುತ್ತ ನಿಂತಿರುತ್ತದೆ. ತೈಪೆಯಲ್ಲಿ ಇಷ್ಟು ದಿನ ಏನೂ ಇಲ್ಲದ ಕಡೆ ತೋರಿಸುತ್ತಿದ್ದದ್ದು, ಆ ಹೆಸರಿನ ಡಿಸ್ಕ್ ಬಂದು ಕುಳಿತ ಕೂಡಲೇ ದಾರಿಯಾಗಿತ್ತು.

“ಮೊದಲು ನೆಟ್‌ವರ್ಕ್ ವೈರ್ ಕಿತ್ಹಾಕಿ,” ಎಂದೆ. “ಇಲ್ಲಿಂದ ಏನೂ ಅಲ್ಲಿಗೆ ಬರ್ಬಾರ್ದು. ಆಮೇಲೆ ಡಿಸ್ಕಿನೊಳಗಿರೋದನ್ನೇ ಎರಡು ಕಡೆ ನಕಲು ಮಾಡಿ. ಕೈಮರವನ್ನಲ್ಲ, ನಿಜವಾದ ಕಡತಗಳನ್ನ. ಒಂದೊಂದನ್ನೂ ತೆಗೆದು ಕೇಳಿ ನೋಡಿ.”

“ಮಾಡ್ತಿದೀನಿ ಅಣ್ಣ. ಆದ್ರೆ ಇದರಲ್ಲಿ ಒಂದು ಹೊಸದಿದೆ. ಇವತ್ತು ಬೆಳಿಗ್ಗೆ ರೆಕಾರ್ಡ್ ಮಾಡಿರೋದು. ಚಿಕ್ಕದು.”

ಫಾಂಗ್ ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. “ಹಾಕಮ್ಮ.”

ಗರಗರ ಸದ್ದು. ಆಮೇಲೆ ಒಂದು ಸಣ್ಣ ಉಸಿರು.

ಮೀನಿನ ವಾಸನೆಯ ಓಣಿ, ಕಿಟಕಿಗಳು, ಅಜ್ಜಿಯ ನಿಂತುಹೋದ ಚಾಕು ಎಲ್ಲವೂ ಆ ಒಂದು ಉಸಿರಿನಲ್ಲಿದ್ದವು. ದನಿಗೆ ವಯಸ್ಸಾಗಿತ್ತು, ಅಂಚುಗಳು ಸವೆದಿದ್ದವು. ಆದರೆ ಅದು ಅವಳೇ.

“ಉಪ್ಪು ಹೆಕ್ಕೋ ಕೈಗಳಿಗೆ ನಮಸ್ಕಾರ,” ಎಂದಿತು ದನಿ, ನಾಟಕದ ಮೊದಲ ಮಾತು. “ನಾನು ಸೂ ಚಿಯಾವ್-ಯುನ್. ಬದುಕಿದೀನಿ. ಎಲ್ಲಾ ಕಂತೂ ಕೇಳಿದೆ, ಚೆನ್ನಾಗಿ ಕಾಪಾಡಿದೀರಿ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಎಲ್ಲವನ್ನೂ ವಾಪಸ್ ಕಳಿಸ್ತಿದೀನಿ. ಊರಿಗೆ ಕೇಳಿಸಿ. ಕೊನೇದೊಂದು ಬಿಟ್ಟು. ಅದರಲ್ಲಿರೋ ದನಿ ನಂದಲ್ಲ.”

ಮುಗಿಯಿತು.

ಮೇಸ್ತ್ರಿ ಲೋಟವನ್ನು ಮೇಜಿನ ಮೇಲಿಡಲು ಹೋದರು. ಅಂಚು ಸಿಗಲಿಲ್ಲ. ಲೋಟ ನೆಲಕ್ಕೆ ಬಿದ್ದು ಶರಬತ್ತು ಹರಿದು ರೇಡಿಯೋಗಳ ಕೆಳಗೆ ಹೋಯಿತು. ಒರೆಸಲು ಯಾರೂ ಏಳಲಿಲ್ಲ.

“ನೀಲಿ ಬಟ್ಟೆ ಅಂದ್ರಿ,” ಎಂದಳು ಫಾಂಗ್ ಅಕ್ಕ. “ಒಂದೇ ಓಟದಲ್ಲಿ ಓದಿದ್ಲು ಅಂದ್ರಿ. ಅವತ್ತು ಮೈಕಿನ ಮುಂದೆ ನಿಂತಿದ್ದೋರು ಯಾರು ಮೇಸ್ತ್ರಿ?”

ಅವರು ಬಗ್ಗಿ ಬಿದ್ದ ಲೋಟವನ್ನು ಎತ್ತಿಕೊಂಡರು.

“ಅವರನ್ನ ಬಿಡಿ,” ಎಂದಿತು ಒಂದು ದನಿ.

ನಾನು ಫೋನಿನ ಕಡೆ ನೋಡಿದೆ. ಚಿಯಾವ್-ಯುನ್ ಮತ್ತೆ ಮಾತಾಡಿದಳೆಂದೇ ತಿಳಿದೆ, ಅಷ್ಟು ಹತ್ತಿರದ ದನಿ. ಆದರೆ ಆ ಮಾತಿಗೆ ಮೊದಲು ಉಸಿರು ಇರಲಿಲ್ಲ. ಮಾತು ಬಂದದ್ದು ಗೋಡೆಯ ಪಕ್ಕದ ಸ್ಟೂಲಿನಿಂದ.

ಆ-ಕಿಮ್ ಬಟಾಣಿಯ ಬುಟ್ಟಿಯನ್ನು ಕೆಳಗಿಟ್ಟು ಎದ್ದು ನಿಂತಿದ್ದಳು.

“ನಾನೇ ಓದಿದ್ದು. ಆಗ ನಾಟಕದಲ್ಲಿ ಸಂತೆ ಗಲಾಟೆಗೆ, ಜಾತ್ರೆ ಗಲಾಟೆಗೆ ಗುಂಪಿನ ದನಿ ಕೊಡ್ತಿದ್ದೆ. ಎಲ್ಲರ ದನೀನೂ ನಂಗೆ ಬರ್ತಿತ್ತು. ಅವಳ ಹಾಗೆ ಓದು ಅಂದ್ರು, ಓದಿದೆ.”

“ಇವ್ರು ಹೇಳಿದ್ರಾ?” ಫಾಂಗ್ ಅಕ್ಕ ಮೇಸ್ತ್ರಿಯತ್ತ ತಲೆಯಾಡಿಸಿದಳು.

“ಇಲ್ಲ, ಹಿರೀ ಕೋ ಹೇಳಿದ್ದು. ಇವ್ರಿಗೆ ಗಾಜಿನ ಆಚೆ ನನ್ನ ನೋಡಿದ ಮೇಲೇ ಗೊತ್ತಾಗಿದ್ದು. ಅವತ್ತಿಂದ ನನ್ನ ಹೆಸರು ಹೊರಗೆ ಬರ್ಬಾರ್ದು ಅಂತ ಬಾಯಿ ಕಟ್ಕೊಂಡಿದಾರೆ.”

“ಚಿಯಾವ್-ಯುನ್ ಅಷ್ಟೊತ್ತಿಗೆ ಒಸಾಕಾದಲ್ಲಿದ್ರಾ?”

ಆ-ಕಿಮ್ ಗಂಡನನ್ನೊಮ್ಮೆ ನೋಡಿದಳು. ಮೇಸ್ತ್ರಿ ಬೇಡವೆಂಬಂತೆ ಕೈ ಎತ್ತಿದರು. ಅವಳು ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

“ಯಾವ ಒಸಾಕಾ ತಾಯಿ? ಅವಳು ಅದೇ ಕಟ್ಟಡದಲ್ಲಿದ್ಲು. ನಾನು ಅವಳ ದನೀಲಿ ಓದ್ತಿದ್ದಾಗ ಟೇಪ್ ಕೋಣೆ ಒಳಗಿಂದ ಬಾಗಿಲು ಬಡೀತಿದ್ಲು. ಹೊರಗಿಂದ ಬೀಗ ಹಾಕಿತ್ತು. ಆ ಬಡಿತ ಕೊನೇ ಕಂತಿನಲ್ಲೂ ಇದೆ.”